ಗಡಿಯಾರದ ಅಂಕಿತ

ಕೆಲವು ತಿಂಗಳ ಹಿಂದೆ ನನ್ನ ತಮ್ಮನ ಮಗನಿಗೆ ಮದುವೆ ಗೊತ್ತಾಯಿತು. ಅವನಿಗೊಂದು ಒಳ್ಳೆಯ ಕೈಗಡಿಯಾರ ಕೊಡಿಸಬೇಕೆಂದು ಹಿರಿಯನಾದ ನನ್ನನ್ನೂ ಅಂಗಡಿಗೆ ಕರೆದೊಯ್ದರು. ಮಖಮಲ್ಲಿನ ತಟ್ಟೆಯ ಮೇಲೆ ಐದಾರು ಗಡಿಯಾರಗಳನ್ನಿಟ್ಟು, ಅರ್ಚಕರು ಸ್ಥಳಪುರಾಣ ಹೇಳುವ ಹಾಗೆ, ಅಂಗಡಿಯ ತರುಣ ಒಂದೊಂದರ ವಂಶಾವಳಿಯನ್ನೂ ಹೇಳುತ್ತ ಹೋದ. 'ಇದು ದಿನಕ್ಕೆ ಎಷ್ಟು ಸೆಕೆಂಡು ಹೆಚ್ಚುಕಡಿಮೆ ಆಗುತ್ತದಪ್ಪ?' ಎಂದು ನಾನು ಕೇಳಿದೆ. ಅವನು ವಿನಯದಿಂದ ನಕ್ಕ. 'ಟೈಮ್ ನೋಡೋದಕ್ಕೆ ಫೋನ್ ಇದೆಯಲ್ಲ ದೊಡ್ಡಪ್ಪ' ಎಂದು ನಮ್ಮ ಹುಡುಗ ಮೆಲ್ಲಗೆ ಹೇಳಿದ. ಆ ಬೆಲೆಯಲ್ಲಿ ವೇಳೆಗೆ ಸಂದದ್ದೆಷ್ಟು, ಹೆಸರಿಗೆ ಸಂದದ್ದೆಷ್ಟು ಎಂದು ಲೆಕ್ಕ ಹಾಕುತ್ತ ಮನೆಗೆ ಬಂದೆ. ಲೆಕ್ಕ ನನ್ನನ್ನು ಮುನ್ನೂರು ವರ್ಷ ಹಿಂದಕ್ಕೆ ಒಯ್ದಿತು.

ಲಂಡನ್ನಿನ ಗಡಿಯಾರ ನಿರ್ಮಾಪಕ ಥಾಮಸ್ ಟಾಂಪಿಯನ್ 1713ರಲ್ಲಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನ ಸಮಾಧಿಯಾಯಿತು. ಕಮ್ಮಾರನ ಮಗನಿಗೆ ಸಂದ ಗೌರವ ಅದು. ಆದರೆ ಅವನು ಬದುಕಿದ್ದಾಗಲೇ ಅವನ ಹೆಸರನ್ನು ಹೊತ್ತ, ಅವನ ಕೈ ಮುಟ್ಟದ ಗಡಿಯಾರಗಳು ಪೇಟೆಗೆ ಬಂದಿದ್ದವು. ರಫ್ತಾಗುವ ಗಡಿಯಾರದ ಮೇಲೆ ಮಾಡಿದವನ ಹೆಸರೂ ಊರೂ ಇರಬೇಕೆಂದು 1698ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕಾನೂನು ಮಾಡಿತು. ಕಾನೂನಿನಿಂದ ಹೆಸರಿನ ಮಹತ್ವ ಬೆಳೆಯಿತೇ ಹೊರತು ಕಳ್ಳರು ಕಡಿಮೆಯಾಗಲಿಲ್ಲ. ಹದಿನೆಂಟನೆಯ ಶತಮಾನದುದ್ದಕ್ಕೂ ಯೂರೋಪಿನ ಅಗ್ಗದ ಗಡಿಯಾರಗಳ ಮೇಲೆ 'ಲಂಡನ್' ಎಂಬ ಕೆತ್ತನೆ ಮೆರೆಯಿತು. ಅವುಗಳಲ್ಲಿ ಹಲವು ಸಿದ್ಧವಾದದ್ದು ಜಿನೀವಾದಲ್ಲಿ ಮತ್ತು ಅದರ ನೆರೆಯ ಬೆಟ್ಟಗಳ ಹಳ್ಳಿಗಳಲ್ಲಿ. ಇಂದು ಯಾವ ನಾಡಿನ ಹೆಸರೇ ಪ್ರಮಾಣವಾಗಿದೆಯೋ ಆ ನಾಡಿನವರೇ ಅಂದು ಪರರ ಹೆಸರಿನ ಮರೆಯಲ್ಲಿ ನಿಂತಿದ್ದರು.

ಕನ್ನಡ ಓದುವವರಿಗೆ ಇದು ಹೊಸದೇನೂ ಅಲ್ಲ. ಮೂರು ಸಾಲು ಕಟ್ಟಿ ಕೊನೆಗೆ 'ಸರ್ವಜ್ಞ' ಎಂದುಬಿಟ್ಟರೆ ಸಾಕು, ಊರವರು ತಲೆದೂಗುತ್ತಾರೆ. ಯಾವುದು ಆ ಕವಿಯದು, ಯಾವುದು ಆಮೇಲೆ ಸೇರಿದ್ದು ಎಂದು ಆರಿಸುವಷ್ಟರಲ್ಲಿ ಸಂಪಾದಕರ ಕಣ್ಣು ಸೋಲುತ್ತದೆ. ಸ್ವಿಟ್ಸರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಬ್ರೆಗೆ ಎಂಬ ನಿರ್ಮಾಪಕ ಇದಕ್ಕೊಂದು ಉಪಾಯ ಹೂಡಿದ. 1795ರ ಸುಮಾರಿಗೆ ತನ್ನ ಗಡಿಯಾರಗಳ ಮುಖದ ಮೇಲೆ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುವಷ್ಟು ಸೂಕ್ಷ್ಮವಾಗಿ, ಗುಪ್ತ ಅಂಕಿತವನ್ನು ಬರೆಯಿಸತೊಡಗಿದ. ನಮ್ಮ ವಚನಕಾರರಿಗೆ ಈ ಉಪಾಯ ಹೊಳೆಯಲಿಲ್ಲವಲ್ಲ ಎಂದು ನನಗೆ ಒಮ್ಮೊಮ್ಮೆ ಅನಿಸುವುದುಂಟು.

ಸ್ವಿಸ್ಸರಿಗೆ ತಮ್ಮ ನಿಜಸ್ಥಿತಿಯನ್ನು ತೋರಿಸಿದ ವರ್ಷ 1876. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆಗ ದೊಡ್ಡ ಪ್ರದರ್ಶನ ನಡೆಯಿತು. ವಾಲ್ಥಮ್ ಕಂಪನಿ ಅಲ್ಲಿ ಗಡಿಯಾರದ ಜೊತೆಗೆ ಅದನ್ನು ಮಾಡುವ ಯಂತ್ರಗಳನ್ನೂ ಇಟ್ಟಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳು ಮನುಷ್ಯನ ಕೈ ಸೋಕದೆ ಉದುರುತ್ತಿದ್ದವು. ಸ್ವಿಸ್ ಪ್ರತಿನಿಧಿ ಫಾವ್ರ್-ಪೆರೆ ಒಂದು ವಾಲ್ಥಮ್ ಗಡಿಯಾರವನ್ನು ಊರಿಗೆ ತಂದು ಲೆ ಲೋಕ್ಲ್ ಪಟ್ಟಣದ ನುರಿತ ಕುಶಲಿಯೊಬ್ಬನಿಗೆ ಕೊಟ್ಟರು. ನಮ್ಮ ಐವತ್ತು ಸಾವಿರ ಗಡಿಯಾರಗಳಲ್ಲಿ ಇಂಥದೊಂದು ಸಿಗಲಾರದು ಎಂಬರ್ಥದ ಮಾತನ್ನು ಅವನು ಆಡಿದನಂತೆ. ಅದನ್ನು ಫಾವ್ರ್-ಪೆರೆ ತಮ್ಮವರ ಸಭೆಯಲ್ಲಿಯೇ ಮುಚ್ಚುಮರೆಯಿಲ್ಲದೆ ಹೇಳಿದರು. ಲಾಂಜಿನ್ ಕಂಪನಿಯ ಇಂಜಿನಿಯರ್ ಝಾಕ್ ದಾವೀದ್ ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು ದೀರ್ಘ ವರದಿ ಬರೆದರು. ಸ್ವಂತ ಜನರಿಗೆ ಕಹಿಯಾದುದನ್ನು ಹೇಳುವ ಇಂಥವರು ಎಲ್ಲ ಕಸುಬಿಗೂ ಸಿಗುವುದಿಲ್ಲ. ಯಂತ್ರಗಳು ಬಂದವು, ಕೆಲಸ ತಿದ್ದಿಕೊಂಡಿತು. ಹತ್ತು ವರ್ಷದ ಮೇಲೆ, 1886ರಲ್ಲಿ, ಜಿನೀವಾ ತನ್ನ ಹೆಸರನ್ನು ಕಾಪಾಡಿಕೊಳ್ಳಲು ಅಧಿಕೃತ ಮುದ್ರೆಯನ್ನೊತ್ತುವ ಕಾನೂನು ಮಾಡಿಕೊಂಡಿತು. ಪರರ ಅಂಕಿತವನ್ನು ಕದ್ದಿದ್ದ ಊರು ಈಗ ತನ್ನ ಅಂಕಿತಕ್ಕೆ ಕಾವಲು ಹಾಕಿತು.

ಆದರೂ ಹಳೆಯ ಹಂಗು ಪೂರ್ತಿ ಹರಿಯಲಿಲ್ಲ. ಆ ಕಾಲದಲ್ಲೇ ಹಿಂದೂಸ್ಥಾನಕ್ಕೆ ಬಂದ ಸ್ವಿಸ್ ಗಡಿಯಾರಕ್ಕೆ ಲಂಡನ್ನಿನ ಶ್ರೀಮಂತರ ಬಡಾವಣೆಯ ಹೆಸರನ್ನಿಟ್ಟರು: ವೆಸ್ಟ್ ಎಂಡ್. ಬೊಂಬಾಯಿಯಲ್ಲೂ ಕಲ್ಕತ್ತೆಯಲ್ಲೂ ಅದರ ಅಂಗಡಿಗಳಿದ್ದವು. 'ಸೋವಾರ್' ಎಂದು, ನಮ್ಮ ಕುದುರೆ ಸವಾರನ ಹೆಸರಿನ ಮಾದರಿಯೂ ಇತ್ತು. ನಮ್ಮ ತಾತನವರು ಒಂದನ್ನು ಇಟ್ಟುಕೊಂಡಿದ್ದರು. ಅದು ಅಪ್ಪಟ ಇಂಗ್ಲಿಷ್ ಗಡಿಯಾರವೆಂದೇ ಕೊನೆಯವರೆಗೂ ನಂಬಿದ್ದರು. ನಂಬಿಕೆಗೆ ತಕ್ಕಂತೆ ಅದೂ ನಡೆಯಿತು.

ಹೆಸರನ್ನು ಕಟ್ಟುವುದೇ ಒಂದು ವಿದ್ಯೆ ಎಂದು ತೋರಿಸಿದವರು ಹಾನ್ಸ್ ವಿಲ್ಸ್‌ಡಾರ್ಫ್. ಬವೇರಿಯಾದಲ್ಲಿ ಹುಟ್ಟಿ, 1905ರಲ್ಲಿ ಲಂಡನ್ನಿನಲ್ಲಿ ವ್ಯಾಪಾರ ತೆರೆದು, ಸ್ವಿಸ್ ಯಂತ್ರಗಳನ್ನು ತರಿಸಿ ಮಾರುತ್ತಿದ್ದರು. ಆಗ ಗಡಿಯಾರದ ಮುಖದ ಮೇಲೆ ಇರುತ್ತಿದ್ದದ್ದು ಮಾರುವ ಅಂಗಡಿಯವನ ಹೆಸರು. ಎಲ್ಲ ಭಾಷೆಯವರ ನಾಲಿಗೆಗೂ ಹೊರಳುವಂಥ, ಚಿಕ್ಕ ಮುಖದ ಮೇಲೆ ಹಿಡಿಸುವಂಥ ಒಂದು ಪದವನ್ನು ಅವರು ಹುಡುಕಿ 1908ರಲ್ಲಿ ನೋಂದಾಯಿಸಿದರು. ಅದೇ ರೋಲೆಕ್ಸ್. ಆ ಪದಕ್ಕೆ ಅರ್ಥವಿಲ್ಲ. ಅಂಗಡಿಯವರು ಒಪ್ಪಲಿಲ್ಲವಾಗಿ, ಮೊದಲು ಆರು ಗಡಿಯಾರಗಳಲ್ಲಿ ಒಂದರ ಮೇಲೆ, ಆಮೇಲೆ ಎರಡರ ಮೇಲೆ, ಹೀಗೆ ಮೆಲ್ಲಮೆಲ್ಲನೆ ಅದನ್ನು ನುಗ್ಗಿಸಿದರು. 1927ರ ಅಕ್ಟೋಬರಿನಲ್ಲಿ ಮರ್ಸೀಡಿಸ್ ಗ್ಲೈಟ್ಸ್ ಎಂಬ ತರುಣಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿದ್ದನ್ನು ಜನ ಶಂಕಿಸಲು, ಅವಳು ಮತ್ತೊಮ್ಮೆ ನೀರಿಗಿಳಿದಳು. ಆ ಸಲ ಕೊರಳಲ್ಲಿ ರೋಲೆಕ್ಸ್ ಇತ್ತು. ಚಳಿಯಲ್ಲಿ ಹತ್ತು ಗಂಟೆಗೂ ಮೀರಿ ಈಜಿ, ದಡ ಕಾಣುವ ಮುನ್ನವೇ ಅವಳನ್ನು ಮೇಲೆತ್ತಬೇಕಾಯಿತು. ಅವಳು ಸೋತಳು, ಗಡಿಯಾರ ನಿಲ್ಲಲಿಲ್ಲ. ಮುಂದಿನ ತಿಂಗಳು 'ಡೈಲಿ ಮೇಲ್' ಪತ್ರಿಕೆಯ ಮುಖಪುಟವನ್ನೇ ಕೊಂಡು ವಿಲ್ಸ್‌ಡಾರ್ಫ್ ಅದನ್ನು ಸಾರಿದರು. ಇದು ಬರಿಯ ಡಂಗುರವೆನ್ನುವಂತಿಲ್ಲ. 1914ರಷ್ಟು ಹಿಂದೆಯೇ ಕ್ಯೂ ವೀಕ್ಷಣಾಲಯ ಅವರ ಕೈಗಡಿಯಾರವೊಂದನ್ನು ಪರೀಕ್ಷಿಸಿ ಮೊದಲ ದರ್ಜೆಯ ಪ್ರಮಾಣಪತ್ರ ಕೊಟ್ಟಿತ್ತು. ಆದರೆ ಆ ಪ್ರಮಾಣಪತ್ರವನ್ನು ನೆನೆಯುವವರೆಷ್ಟು ಮಂದಿ, ಕೊರಳ ಗಡಿಯಾರವನ್ನು ನೆನೆಯುವವರೆಷ್ಟು ಮಂದಿ!

ಇನ್ನು ನನ್ನ ಮಾತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆಗೆ ಇಳಿಯಿತು. ನನಗೆ 1971ರಲ್ಲಿ ಕೆಲಸ ಸಿಕ್ಕಾಗ ತಂದೆಯವರು ಕಾದು, ಕೈಕಾಲು ಹಿಡಿದು ಒಂದು 'ಜನತಾ' ತಂದುಕೊಟ್ಟರು. ಹದಿನೇಳು ಕಲ್ಲಿನ, ದಿನಾ ಕೀ ಕೊಡುವ ಗಡಿಯಾರ. ಹಿಂಬದಿಯಲ್ಲಿ ನನ್ನ ಹೆಸರಿನ ಮೊದಲಕ್ಷರವನ್ನೂ ತಾರೀಖನ್ನೂ ಕೊರೆಸಿದ್ದರು. ಆಫೀಸಿನಲ್ಲಿ ಜೊತೆಯವರೊಬ್ಬರ ಕೈಮೇಲೆ ವಿದೇಶೀ ಗಡಿಯಾರವಿತ್ತು. ಅದನ್ನು ಕಂಡಾಗಲೆಲ್ಲ ನಾನು ತೋಳು ಕೆಳಗೆಳೆದುಕೊಳ್ಳುತ್ತಿದ್ದೆ. ಎರಡು ವರ್ಷ ಕಳೆಯುವುದರೊಳಗೆ ಜನತಾವನ್ನು ಬಂದ ಬೆಲೆಗೆ ಮಾರಿ, ಕಳ್ಳಸಾಗಣೆಯಲ್ಲಿ ಬಂದ, ಭಾರಿ ಹೆಸರಿನ ಸ್ವಿಸ್ ಗಡಿಯಾರವೊಂದನ್ನು ಕೊಂಡೆ. ಅದು ನಿಂತಾಗ ರಿಪೇರಿ ಮಾಡುವ ಸಾಬರು ಭೂತಗನ್ನಡಿಯನ್ನು ಕಣ್ಣಿಗಿಟ್ಟು ಹಿಂಬದಿ ತೆರೆದರು. ಮುಖದ ಮೇಲೆ ಹದಿನೇಳು ಕಲ್ಲೆಂದು ಬರೆದಿತ್ತು. ಒಳಗೆ ಇದ್ದದ್ದು ಒಂದೇ ಒಂದು. 'ಇದಕ್ಕೆ ಹೆಸರು ಒಂದು, ಹೊಟ್ಟೆ ಇನ್ನೊಂದು ಸ್ವಾಮಿ' ಎಂದರು. ತಂದೆಯವರು ನನ್ನ ಕೈಯನ್ನು ನೋಡಿದ್ದರು; ಏನೂ ಕೇಳಿರಲಿಲ್ಲ.

ಅದೇ ಕಾಲದಲ್ಲಿ ನಿಜವಾದ ಸ್ವಿಸ್ ಗಡಿಯಾರಕ್ಕೂ ಗ್ರಹಚಾರ ಬಂದಿತ್ತು. 1968ರ ಜಿನೀವಾ ಸ್ಪರ್ಧೆಯಲ್ಲಿ ಸ್ಪ್ರಿಂಗಿನ ಕೈಗಡಿಯಾರಗಳ ಪೈಕಿ ಮುಂದೆ ಬಂದದ್ದು ಜಪಾನಿನ ಸೀಕೋ. 1969ರ ಡಿಸೆಂಬರಿನಲ್ಲಿ ಅದೇ ಕಂಪನಿ ಸ್ಫಟಿಕದ ಕಂಪನದಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರವನ್ನು ಪೇಟೆಗೆ ತಂದಿತು. ಅಗ್ಗದ ಕ್ವಾರ್ಟ್ಜ್ ಕೂಡ ದುಬಾರಿ ಸ್ಪ್ರಿಂಗಿನ ಗಡಿಯಾರಕ್ಕಿಂತ ಸರಿಯಾದ ವೇಳೆ ತೋರಿಸತೊಡಗಿತು. 1970ರಲ್ಲಿ ಸುಮಾರು 90,000 ಸ್ವಿಸ್ ಕೆಲಸಗಾರರು ಬದುಕುತ್ತಿದ್ದ ಕಸುಬು 80ರ ದಶಕದ ಕೊನೆಯ ಹೊತ್ತಿಗೆ ಅದರ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿಯಿತು. ಹೀಗೆ ವೇಳೆಯ ಪಂದ್ಯದಲ್ಲಿ ಸೋತ ಮೇಲೆ ಉಳಿದದ್ದು ಹೆಸರು. ಬ್ಲಾಂಪ್ಯಾಂ ಎಂಬ, 1735ರಿಂದ ಬಂದದ್ದೆಂದು ಹೇಳಿಕೊಳ್ಳುವ ಮನೆತನ ಮುಚ್ಚಿಹೋಗಿತ್ತು. 80ರ ದಶಕದ ಆರಂಭದಲ್ಲಿ ಬೀವರ್ ಮತ್ತು ಪಿಗೆ ಎಂಬಿಬ್ಬರು ಆ ಹೆಸರೊಂದನ್ನೇ 22,000 ಫ್ರಾಂಕಿಗೆ ಕೊಂಡರು. ತಾವು ಕ್ವಾರ್ಟ್ಜ್ ಗಡಿಯಾರವನ್ನು ಎಂದೂ ಮಾಡಿಲ್ಲ, ಮಾಡುವುದೂ ಇಲ್ಲ ಎಂದು ಸಾರಿದರು. 1992ರಲ್ಲಿ ಮಾರಿದಾಗ ಬಂದದ್ದು 6 ಕೋಟಿ ಫ್ರಾಂಕು ಎನ್ನುತ್ತಾರೆ. ಹಿಂದುಳಿದದ್ದನ್ನೇ ಕುಲೀನತೆಯೆಂದು ತೋರಿಸಿದ ಆ ಜಾಣ್ಮೆಗೆ ಸಿಟ್ಟಾಗಬೇಕೋ ಕೈಮುಗಿಯಬೇಕೋ ನನಗೆ ಇನ್ನೂ ತಿಳಿಯದು.

ಎಚ್.ಎಂ.ಟಿ. ಗಡಿಯಾರಗಳ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆಮೇಲೆ ನಡೆದದ್ದು ವಿಚಿತ್ರ. ನಾನು ತೋಳಿನೊಳಗೆ ಮುಚ್ಚಿಟ್ಟುಕೊಂಡ ಜನತಾವನ್ನು ಇಂದಿನ ಹುಡುಗರು ಹುಡುಕಿ ಹುಡುಕಿ ಕೊಳ್ಳುತ್ತಿದ್ದಾರೆ. ಅಂಗಡಿಯ ತಟ್ಟೆಯನ್ನು ಬಿಟ್ಟು ಬಂದ ನಮ್ಮ ಹುಡುಗನೂ ಕೊನೆಗೆ ಒಂದನ್ನು ಅಂಚೆಯಲ್ಲಿ ತರಿಸಿಕೊಂಡ. ಮುಖ ಥಳಥಳಿಸುತ್ತಿತ್ತು. ಹೊಸದಾಗಿ ಬಣ್ಣ ಹೊಡೆದು ಅಕ್ಷರ ಬರೆದದ್ದು, ಒಳಗಿನ ಭಾಗಗಳು ನಾಲ್ಕು ಗಡಿಯಾರದಿಂದ ಕೂಡಿಸಿದ್ದು ಎಂದು ರಿಪೇರಿಯವರು ಹೇಳಿದರು. ಟಾಂಪಿಯನ್ನನ ಹೆಸರಿಗೆ ಆದದ್ದು ಜಾಲಹಳ್ಳಿಯ ಹೆಸರಿಗೂ ಆಗಿದೆ. ಹುಡುಗನಿಗೆ ಬೇಸರವಾಯಿತು. ನಾನು ಅವನ ಕೈಯಿಂದ ಗಡಿಯಾರವನ್ನು ತೆಗೆದುಕೊಂಡೆ. ಹಳೆಯ ಜನತಾ ಎಲ್ಲಿ ಸಿಕ್ಕರೂ ಈಗ ಕೆಲವು ವರ್ಷಗಳಿಂದ ನನಗೊಂದು ಅಭ್ಯಾಸವಾಗಿದೆ. ಮುಖವನ್ನು ನೋಡುವುದಿಲ್ಲ. ಮೊದಲು ತಿರುಗಿಸಿ, ಹಿಂಬದಿಯಲ್ಲಿ ಏನಾದರೂ ಕೊರೆದಿದೆಯೇ ಎಂದು ಬೆಳಕಿಗೆ ಹಿಡಿಯುತ್ತೇನೆ.