ಅಕ್ಕನ ಮನೆ, ತಮ್ಮನ ಯಜಮಾನಿಕೆ

ಬಾರಕೂರಿಗೆ ಹೋದವರಿಗೆ ಭೂತಾಳ ಪಾಂಡ್ಯನ ಕಥೆಯನ್ನು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ದೇವಪಾಂಡ್ಯನ ಹಡಗುಗಳು ನೀರಿಗಿಳಿಯಬೇಕಾದರೆ ನರಬಲಿ ಬೇಕೆಂದು ಕುಂಡೋದರನೆಂಬ ಭೂತ ಹಟ ಹಿಡಿಯಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ತಂದೊಪ್ಪಿಸಿದಳು. ಭೂತ ಹುಡುಗನನ್ನು ಉಳಿಸಿ ಅರಸನನ್ನಾಗಿ ಮಾಡಿತು. ಅವನೇ ಭೂತಾಳ ಪಾಂಡ್ಯ. ಆಸ್ತಿ ಮಗನಿಗಲ್ಲ, ಸೋದರಳಿಯನಿಗೆ ಎಂಬ ಅಳಿಯಕಟ್ಟು ಅವನಿಂದಲೇ ಮೊದಲಾಯಿತಂತೆ. ತನ್ನ ಕೂಸನ್ನು ಬಲಿಗೆ ಕೊಡದ ತಾಯಿಯ ಮೇಲೆಯೇ ತಪ್ಪು ಹೊರಿಸುವ ಈ ಕಥೆ ನನಗೆ ಎಂದೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಕಥೆ ಚರಿತ್ರೆಯಲ್ಲ. ಭೂತಾಳ ಪಾಂಡ್ಯನ ಕಟ್ಟುಕಟ್ಟಳೆ ಎಂದು ಹೇಳಲಾದ ಗ್ರಂಥವನ್ನು ಬರ್ನೆಲ್‌ನಂಥ ವಿದ್ವಾಂಸರು ಪ್ರಾಚೀನವೆಂದು ಒಪ್ಪಲಿಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಆಳುಪ ರಾಣಿ ಬಲ್ಲಮಹಾದೇವಿ ಈ ನಾಡನ್ನಾಳಿದ್ದು ನಿಜ. ಆದರೆ ರಾಣಿಯೊಬ್ಬಳು ಆಳಿದ ಮಾತ್ರಕ್ಕೆ ಊರ ಹೆಂಗಸರೆಲ್ಲ ಒಡತಿಯರಾಗಿದ್ದರೆಂದು ಹೇಳಬರುವುದಿಲ್ಲ. ಇಷ್ಟಂತೂ ಸ್ಪಷ್ಟ: ಬ್ರಹ್ಮಾವರದಿಂದ ಬೈಂದೂರಿನವರೆಗಿನ ನಾಡವರು, ಮೊಗವೀರರು, ಬಿಲ್ಲವರು ಮೊದಲಾದವರ ಮನೆಗಳಲ್ಲಿ ವಂಶ ಹರಿದದ್ದು ತಾಯಿಯಿಂದ ಮಗಳಿಗೆ. ನೆರೆಯ ಕೋಟದ ಬ್ರಾಹ್ಮಣರದು ಮಕ್ಕಳಕಟ್ಟು. ಒಂದೇ ಗದ್ದೆಬಯಲು, ಒಂದೇ ಹೊಳೆ. ಬದುವಿನ ಈಚೆಗೊಂದು ನ್ಯಾಯ, ಆಚೆಗೊಂದು.

ಆ ಅಂತರವನ್ನು ಅರಿಯಬೇಕಾದರೆ ಕಾರಂತರ ‘ಮರಳಿ ಮಣ್ಣಿಗೆ’ಯ ಸರಸೋತಿಯನ್ನು ನೆನೆಯಬಹುದು. ಬಾಲವಿಧವೆಯಾಗಿ ಅಣ್ಣ ರಾಮ ಐತಾಳರ ಮನೆಯಲ್ಲಿದ್ದು ಜೀವಮಾನವೆಲ್ಲ ದುಡಿದವಳು ಆಕೆ. ಆ ಮನೆಯಲ್ಲಿ ಆಕೆಗೆ ಗೌರವವಿತ್ತು, ಹಕ್ಕಿರಲಿಲ್ಲ. ಅಳಿಯಕಟ್ಟಿನ ಹೆಂಗಸೂ ಮದುವೆಯಾದ ಮೇಲೆ ಸಾಮಾನ್ಯವಾಗಿ ಗಂಡನಿದ್ದಲ್ಲಿಯೇ ಬಾಳಿದಳು. ಆದರೆ ಗಂಡ ತೀರಿದರೆ ಮಕ್ಕಳೊಡನೆ ಹಿಂದಿರುಗಿ ಬಂದುದು ತನ್ನ ಮನೆಗೆ. ಅಣ್ಣನ ದಯೆಗಲ್ಲ, ತನ್ನ ತಾಯಿಯ ಮನೆಗೆ. ಹಿಂದಿರುಗುವ ಈ ಹಕ್ಕೇ ಅಳಿಯಕಟ್ಟಿನ ತಿರುಳೆಂದು ನಾನು ತಿಳಿದಿದ್ದೇನೆ.

ಹಾಗೆಂದು ಅದನ್ನು ಸ್ತ್ರೀರಾಜ್ಯವೆಂದು ಭ್ರಮಿಸಬಾರದು. ಮಲಬಾರಿನಲ್ಲಿ ಕಾರಣವನು ಸಾಮಾನ್ಯವಾಗಿ ಗಂಡಸೇ. ನಮ್ಮಲ್ಲಿ ಹಿರಿಯರು ಗಂಡಾಗಲಿ ಹೆಣ್ಣಾಗಲಿ ಯಜಮಾನಿಕೆಗೆ ಅರ್ಹರಾಗಿದ್ದರು. ಯಜಮಾನತಿಯರೂ ಇದ್ದರು. ಆದರೂ ಕಚೇರಿಗೆ ಹೋಗುವವನು, ಗೇಣಿ ವಸೂಲು ಮಾಡುವವನು ಬಹುಮಟ್ಟಿಗೆ ಸೋದರಮಾವ. ನಾನು ಹುಡುಗನಾಗಿದ್ದಾಗ ನೆರೆಮನೆಯಲ್ಲಿ ಅಂಥ ಅಕ್ಕತಮ್ಮಂದಿರಿದ್ದರು. ಭತ್ತ ಮಾರುವ ಮುನ್ನ ತಮ್ಮ ಚಾವಡಿಯಿಂದ ಒಳಗೆ ಬಂದು, ಕಂಬಕ್ಕೊರಗಿ ಎಲೆಯಡಿಕೆ ಹಾಕುತ್ತಿದ್ದ ಅಕ್ಕನಿಗೆ ಹೇಳಿ ಹೋಗುತ್ತಿದ್ದರು. ಆಕೆ ಬೇಡವೆಂದುದನ್ನು ನಾನು ಕೇಳಿಲ್ಲ. ಹೇಳದೆ ಅವರು ಮಾರಿದುದನ್ನೂ ಕಂಡಿಲ್ಲ.

ಇನ್ನು ಕಾನೂನಿನ ಮಾತು. ಒಬ್ಬ ಸದಸ್ಯ ಕೇಳಿದ ಮಾತ್ರಕ್ಕೆ ಅಳಿಯಸಂತಾನದ ಆಸ್ತಿಯನ್ನು ಪಾಲು ಮಾಡಲಾಗದೆಂದು 1863ರಲ್ಲಿ ಮದರಾಸು ಹೈಕೋರ್ಟು ತೀರ್ಮಾನಿಸಿತು. ಎಲ್ಲರೂ ಒಪ್ಪಿದರಷ್ಟೇ ಪಾಲು. ಮನೆ ಉಳಿಯಿತು, ಒಳಗೆ ಮನಸ್ಸುಗಳು ಒಡೆದವು. ಸ್ವಂತ ಮಕ್ಕಳಿಗೆ ಏನೂ ಬಿಟ್ಟುಹೋಗಲಾಗದ ತಂದೆಯ ಸಂಕಟವೂ ಸಣ್ಣದಲ್ಲ. ಕೊನೆಗೆ 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಕವರು ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮೂಲಕ ಇಳಿದ ಸಂತತಿ. ಗಂಡಸಿಗೆ ಸ್ವಂತದ ಕವರಿಲ್ಲ. ಅವನ ತಾಯಿಯ ಕವರೇ ಅವನದು.

ಈ ಕಾಯಿದೆಯಲ್ಲಿ ಒಂದು ವಿಚಿತ್ರವುಂಟು. ಐವತ್ತು ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು. ಇಲ್ಲವಾದರೆ ನಿಸ್ಸಂತತಿ ಕವರು. ಕುಟುಂಬದಲ್ಲಿ ಬೇರೆ ಸಂತತಿ ಕವರು ಇರುವಾಗ ನಿಸ್ಸಂತತಿಗೆ ದೊರೆಯುತ್ತಿದ್ದ ಪಾಲು ಜೀವಿತಾವಧಿಗೆ ಮಾತ್ರ. ಅಕ್ಕತಂಗಿಯರಿಲ್ಲದ, ತಾಯಿ ತೀರಿಹೋದ ಒಬ್ಬ ಗಂಡಸನ್ನು ಊಹಿಸಿಕೊಳ್ಳಿ. ಮನೆ ತುಂಬ ಐದು ಮಕ್ಕಳಿದ್ದರೂ ಕಾನೂನಿನ ಕಣ್ಣಿಗೆ ಅವನು ನಿಸ್ಸಂತತಿ! ಪಾಲಿನ ದಾವೆಗಳಿಗೆ ಲಗತ್ತಿಸುತ್ತಿದ್ದ ವಂಶವೃಕ್ಷಗಳನ್ನು ನೋಡಬೇಕು. ಬೇರಿನಲ್ಲಿ ಒಬ್ಬ ಅಜ್ಜಿಯ ಹೆಸರು, ಕೊಂಬೆಗಳಲ್ಲಿ ಹೆಣ್ಣುಮಕ್ಕಳು, ಅವರ ಮಕ್ಕಳು. ತಂದೆಯಂದಿರಿಗೆ ಅಲ್ಲಿ ಜಾಗವಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಈ ಮರವನ್ನೇ ತಲೆಕೆಳಗು ಮಾಡಿತು. ಅಳಿಯಸಂತಾನದವನೊಬ್ಬ ತೀರಿಕೊಂಡರೆ, ಅವನು ಸಾಯುವ ಮುನ್ನ ಕುಟುಂಬದಲ್ಲಿ ತಲೆಗೊಂದರಂತೆ ಪಾಲಾಗಿತ್ತೆಂದು ಭಾವಿಸಿ, ಅವನ ಪಾಲನ್ನು ಹೆಂಡತಿ, ಮಕ್ಕಳು, ತಾಯಿಗೆ ಕೊಡಬೇಕೆಂದಿತು. ನಿಸ್ಸಂತತಿಯವನ ಪಾಲೂ ಹೀಗೆಯೇ ವಾರಸುದಾರರಿಗೆ ಇಳಿಯುತ್ತದೆಂದು ಸರ್ವೋಚ್ಚ ನ್ಯಾಯಾಲಯ 1980ರ ವರದಿಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ ಹೇಳಿತು. ತಂದೆ ಕೊನೆಗೂ ತಂದೆಯಾದನು. ಇದು ನ್ಯಾಯವೇ. ಭಾಗ್ಯಹೀನನಾದ ಮಗನ ಕಣ್ಣೀರನ್ನು ಕಂಡವರು ಅಲ್ಲಗಳೆಯಲಾರರು. ಆದರೆ ಹೆಂಡತಿಗೆ ಬಂದುದು ಅಕ್ಕನ ಮನೆಯಿಂದ ಹೊರಟ ಪಾಲೆಂಬುದನ್ನು ಆಗ ಯೋಚಿಸಿದವರು ಕಡಮೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಉಳಿದುದನ್ನು ಮುಗಿಸಿತು. ಒಕ್ಕಲಿಗೆ ನೆಲ ಸಿಕ್ಕಿದ್ದು ಸರಿಯೇ; ಗೇಣಿಯಕ್ಕಿಯನ್ನೇ ನೆಚ್ಚಿದ್ದ ಮನೆಗಳ ಮುದುಕಿಯರು ಮಾತ್ರ ಬರಿಗೈಯಾದರು. ಪಾಲಾದ ಮೂಲಮನೆಗೆ ಹಿಂದಿರುಗುವುದೆಂದರೆ ಈಗ ಯಾರ ಮನೆಗೆ?

ಬದುವಿನ ಆಚೆ ನಡೆದುದು ಇದರ ವಿರುದ್ಧ. ಮಕ್ಕಳಕಟ್ಟಿನ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಪಾಲುದಾರರೆಂದು ಕರ್ನಾಟಕ 1994ರಲ್ಲಿಯೂ ಭಾರತ ಸರಕಾರ 2005ರಲ್ಲಿಯೂ ಕಾನೂನು ಮಾಡಿದವು. ಸರಸೋತಿಗೆ ಇಲ್ಲದಿದ್ದ ಹಕ್ಕು ಅವಳ ಮೊಮ್ಮಕ್ಕಳ ಕಾಲಕ್ಕೆ ಬಂತು. ಬದುವಿನ ಈಚೆಯವರು ತಮ್ಮ ಅಜ್ಜಿಯ ಹಕ್ಕನ್ನು ಆ ವೇಳೆಗೆ ಮರೆತೇಬಿಟ್ಟಿದ್ದರು.

ಪೂರ್ತಿ ಮರೆಯದಿರುವುದು ಒಂದಿದೆ: 1956ರ ಕಾಯಿದೆಯ ಹದಿನೇಳನೆಯ ಕಲಮು. ಹಿಂದೂ ಹೆಂಗಸು ಉಯಿಲು ಬರೆಯದೆ ತೀರಿದರೆ ಸಾಮಾನ್ಯವಾಗಿ ಅವಳ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಅಳಿಯಸಂತಾನದವಳಾದರೆ ಮೊದಲು ಮಕ್ಕಳಿಗೆ ಮತ್ತು ತಾಯಿಗೆ. ಗಂಡ ಅವಳ ತಂದೆಯ ಜೊತೆಯಲ್ಲಿ ಎರಡನೆಯ ಸಾಲಿನಲ್ಲಿ ನಿಲ್ಲಬೇಕು. 2005ರ ತಿದ್ದುಪಡಿಯೂ ಈ ಸಾಲನ್ನು ಮುಟ್ಟಲಿಲ್ಲ.