ಹಡಗೇರಿ ಬಂದ ಮಂಜುಗಡ್ಡೆ

ನೀರು ಹೆಪ್ಪುಗಟ್ಟಿದರೆ ಮಂಜುಗಡ್ಡೆಯಾಗುತ್ತದೆ. ಇದು ಶಾಲೆಯ ಮಕ್ಕಳೂ ಬಲ್ಲ ಮಾತು. ಆದರೆ ಹೆಪ್ಪುಗಟ್ಟಿದ ನೀರಿನ ಎರಡು ಗುಣಗಳು ಒಂದು ಕಾಲದಲ್ಲಿ ಅಮೆರಿಕದ ಕೆರೆಗಳಿಗೂ ನಮ್ಮ ದೇಶದ ರೇವುಗಳಿಗೂ ನಂಟು ಬೆಸೆದುವೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಬಹುತೇಕ ವಸ್ತುಗಳು ಗಟ್ಟಿಯಾಗುವಾಗ ಕುಗ್ಗುತ್ತವೆ. ನೀರಾದರೋ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಆದುದರಿಂದಲೇ ಮಂಜುಗಡ್ಡೆ ಮುಳುಗದೆ, ಕೆರೆಯ ಮೇಲೆ ಹಾಸುಬಂಡೆಯಂತೆ ಹರಡುತ್ತದೆ. ಎರಡನೆಯ ಗುಣ ಕಣ್ಣಿಗೆ ಕಾಣದ್ದು. 1761ರ ಸುಮಾರಿಗೆ ಗ್ಲಾಸ್ಗೋದಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್ ಅದನ್ನು ಗುರುತಿಸಿದ. ಸೊನ್ನೆ ಡಿಗ್ರಿಗೆ ತಣಿದ ಮಾತ್ರಕ್ಕೆ ನೀರು ಗಡ್ಡೆಯಾಗದು; ಪ್ರತಿಯೊಂದು ಗ್ರಾಮಿಗೆ ಸುಮಾರು 80 ಕ್ಯಾಲೊರಿ ಶಾಖವನ್ನು ಅದು ಬಿಟ್ಟುಕೊಡಬೇಕು. ಕರಗುವಾಗ ಅಷ್ಟನ್ನೇ ಮರಳಿ ಪಡೆಯಬೇಕು. ಆ ಹೊತ್ತಿನಲ್ಲಿ ಉಷ್ಣಮಾಪಕ ಕದಲುವುದಿಲ್ಲ. ಇದೇ ಗುಪ್ತೋಷ್ಣ. ಮಂಜುಗಡ್ಡೆ ನಿಧಾನವಾಗಿ ಕರಗುವುದರ ಗುಟ್ಟು ಇದು.

ಕಲ್ಕತ್ತೆಯ ಸಮೀಪದ ಹೂಗ್ಲಿಯಲ್ಲಿ ಈ ಶಾಖವನ್ನು ಹೊರಗಟ್ಟುವ ಉಪಾಯವೊಂದಿತ್ತು. ಚಳಿಗಾಲದಲ್ಲಿ ತಗ್ಗು ತೋಡಿ, ಹುಲ್ಲು ಹಾಸಿ, ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರಿಡುತ್ತಿದ್ದರು. ಮೋಡವಿಲ್ಲದ ರಾತ್ರಿಯ ಆಕಾಶಕ್ಕೆ ಶಾಖ ಸೋರಿಹೋಗಿ ಬೆಳಗಿನ ಜಾವಕ್ಕೆ ತೆಳುವಾದ ಪದರ ಕಟ್ಟುತ್ತಿತ್ತು. ಸೂರ್ಯ ಮೂಡುವ ಮುನ್ನವೇ ಕೂಲಿಯವರು ಅದನ್ನು ಕೂಡಿಸುತ್ತಿದ್ದರು.

ಇತ್ತ ಬಾಸ್ಟನ್ನಿನ ವರ್ತಕ ಫ್ರೆಡರಿಕ್ ಟ್ಯೂಡರ್, ಗಡ್ಡೆ ನಿಧಾನವಾಗಿ ಕರಗುವುದನ್ನೇ ನಂಬಿ ಬಂಡವಾಳ ಹೂಡಿದ. 1806ರಲ್ಲಿ ಮಾರ್ಟಿನೀಕ್ ದ್ವೀಪಕ್ಕೆ ಅವನು ಗಡ್ಡೆ ಸಾಗಿಸಿದಾಗ ಊರವರು ನಕ್ಕರು. ಸಾಲಕ್ಕಾಗಿ ಸೆರೆಮನೆಯನ್ನೂ ಕಂಡ. ಛಲ ಬಿಡಲಿಲ್ಲ. 1825ರಲ್ಲಿ ನೆಥೇನಿಯಲ್ ವೈಯತ್ ಕುದುರೆ ಎಳೆಯುವ ಕೊರೆಯುವ ಸಾಧನವನ್ನು ರೂಪಿಸಿದ ಮೇಲೆ, ಕೆರೆಯ ಗಡ್ಡೆಯನ್ನು ಒಂದೇ ಅಳತೆಯ ತುಂಡುಗಳಾಗಿ ಕತ್ತರಿಸಿ ಸಂದಿಲ್ಲದಂತೆ ಒಟ್ಟುವುದು ಸುಲಭವಾಯಿತು. ಮರದ ಹೊಟ್ಟು ಹೊರಗಿನ ಶಾಖವನ್ನು ತಡೆಯಿತು. 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗು ಸುಮಾರು 180 ಟನ್ ಹೊತ್ತು ಹೊರಟು, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ಸೆಪ್ಟೆಂಬರಿನಲ್ಲಿ ಕಲ್ಕತ್ತೆ ಸೇರಿತು. ಆಗಲೂ ಸುಮಾರು 100 ಟನ್ ಉಳಿದಿತ್ತು!

ಸ್ಫಟಿಕದಂಥ ಆ ಗಡ್ಡೆಯ ಮುಂದೆ ಹೂಗ್ಲಿಯ ಮಾಸಲು ಪದರ ನಿಲ್ಲಲಿಲ್ಲ. ಕಲ್ಕತ್ತೆಯ ಆಂಗ್ಲರು ಚಂದಾ ಕೂಡಿಸಿ ಮಂಜಿನ ಕೋಠಿ ಕಟ್ಟಿಸಿದರು. ಮದರಾಸಿನ ಕಡಲತೀರದಲ್ಲಿಯೂ ಅಂಥದೊಂದು ಎದ್ದಿತು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಆ ಕಟ್ಟಡವೇ ಇಂದಿನ ವಿವೇಕಾನಂದ ಇಲ್ಲಂ. 1870ರ ದಶಕದಲ್ಲಿ ಯಂತ್ರದ ಮಂಜುಗಡ್ಡೆ ಇಲ್ಲಿಯೇ ತಯಾರಾಗತೊಡಗಿದಾಗ ಬಾಸ್ಟನ್ನಿನ ವ್ಯಾಪಾರವೂ ಕರಗಿತು. ಹೂಗ್ಲಿಯ ತಟ್ಟೆಗಳನ್ನು ಸೋಲಿಸಿದ ವ್ಯಾಪಾರಕ್ಕೂ ಸೋಲು ತಪ್ಪಲಿಲ್ಲ.

ಟ್ಯೂಡರನನ್ನು ಚರಿತ್ರೆ ‘ಮಂಜಿನ ದೊರೆ’ಯೆಂದು ಕೊಂಡಾಡಿತು. ಹಡಗಿಲ್ಲದೆ, ಯಂತ್ರವಿಲ್ಲದೆ, ಆಕಾಶವೊಂದನ್ನೇ ನೆಚ್ಚಿ ನೀರಿನಿಂದ ಶಾಖವನ್ನು ಬೇರ್ಪಡಿಸಿದ ಆ ಕೂಲಿಯವರಿಗೂ ಅದೇ ಪುಟದಲ್ಲಿ ಒಂದು ಸಾಲು ಸಲ್ಲಬೇಕು.