ತೋಟಾ ಅದೇ, ಮದ್ದು ಬೇರೆ: 1873ರ ಕೋಲ್ಟ್ ರಿವಾಲ್ವರಿನ ಚರಿತ್ರೆಯಲ್ಲೊಂದು ಸಮಸ್ಯೆ

1873ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸೈನ್ಯವು ಕೋಲ್ಟ್ ಕಾರ್ಖಾನೆಯ 'ಸಿಂಗಲ್ ಆಕ್ಷನ್ ಆರ್ಮಿ' ಎಂಬ ರಿವಾಲ್ವರನ್ನು ಅಂಗೀಕರಿಸಿತು. ಅದನ್ನು ಹಿಡಿದ ಕೈಗಳ ಸಾಹಸವು ಕಥೆಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಬೇಕಾದಷ್ಟು ವರ್ಣಿತವಾಗಿದೆ. ಅದಕ್ಕೆ ತುಂಬಿದ ಮದ್ದಿನ ಚರಿತ್ರೆಗೆ ಅಷ್ಟು ಗಮನ ಸಂದಿಲ್ಲ. ಆ ರಿವಾಲ್ವರಿನ ತೋಟಾ ಇಂದಿಗೂ ಅದೇ ಅಳತೆಯಲ್ಲಿ ತಯಾರಾಗುತ್ತಿದೆ. ಬದಲಾದುದು ಅದರ ಒಳಗಿರುವ ವಸ್ತು. ಹಳೆಯ ರಿವಾಲ್ವರಿಗಾಗಿ ಖಾಲಿ ತೋಟಾಗಳನ್ನು ಮರಳಿ ತುಂಬುವವರ ಕ್ಷೇಮವು ಬಹುಮಟ್ಟಿಗೆ ಈ ಬದಲಾವಣೆಯ ಅರಿವನ್ನೇ ಅವಲಂಬಿಸಿದೆ.

ಮೊದಲ ತೋಟಾದಲ್ಲಿ ಇದ್ದುದು ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವಾದ ಕಪ್ಪು ಮದ್ದು. ಕಾರ್ಖಾನೆಯ ತೋಟಾದಲ್ಲಿ ಅದರ ತೂಕ 40 ಗ್ರೇನ್. ಸೈನ್ಯವು ತನ್ನ ಬಳಕೆಗೆ ಇದನ್ನು ತಗ್ಗಿಸಿಕೊಂಡಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪೂರ್ಣ ಪ್ರಮಾಣದ ಈಡು ಗುಂಡಿನ ಬುಡದವರೆಗೆ ಕೋಶವನ್ನು ತುಂಬಿಬಿಡುತ್ತಿತ್ತು. ಕೋಶವೇ ಅಳತೆಯ ಪಾತ್ರೆ. ಕೈತಪ್ಪಿ ಎರಡು ಈಡು ಹಾಕಲು ಹೊರಟವನ ಮದ್ದು ಹೊರಗೆ ಚೆಲ್ಲುತ್ತಿತ್ತೇ ವಿನಾ ಒಳಗೆ ಹಿಡಿಯುತ್ತಿರಲಿಲ್ಲ. ನಿಯಮಗಳನ್ನು ಓದದವನನ್ನೂ ಈ ಸ್ಥೂಲ ವಸ್ತುವಿನ ಗಾತ್ರವೇ ಕಾಪಾಡುತ್ತಿತ್ತು.

ಮರುತುಂಬುವ ಪದ್ಧತಿ ಮೊದಲಿನಿಂದಲೂ ಸೈನ್ಯದಲ್ಲಿ ಇದ್ದುದಲ್ಲ. ಫಿಲಡೆಲ್ಫಿಯದ ಫ್ರಾಂಕ್‌ಫರ್ಡ್ ಶಸ್ತ್ರಾಗಾರದ ಮೊದಲ ತೋಟಾಗಳಲ್ಲಿ ಕೇಪು ತಾಮ್ರದ ಕೋಶದ ಒಳಗಡೆಯೇ ಬಂಧಿತವಾಗಿದ್ದಿತು. ಹಾರಿಸಿದ ಮೇಲೆ ಅದನ್ನು ಬಿಸುಡಬೇಕು. 1882ರಲ್ಲಿ ಹೊರಗಿನಿಂದ ಕೂರಿಸುವ ಕೇಪು ಬಂದನಂತರ ಸೈನ್ಯದ ತೋಟಾವೂ ಮತ್ತೆ ಮತ್ತೆ ಬಳಕೆಗೆ ಒದಗಿತು. 1884ರಲ್ಲಿ ಕನೆಕ್ಟಿಕಟ್ಟಿನ ಜಾನ್ ಬಾರ್ಲೊ ಸ್ಥಾಪಿಸಿದ ಐಡಿಯಲ್ ಕಂಪನಿಯು ಇಕ್ಕಳದ ಆಕಾರದ ಒಂದು ಸಣ್ಣ ಸಲಕರಣೆಯನ್ನು ಮಾರತೊಡಗಿತು. ಅಂಗಡಿಯಿಂದ ಬಹುದೂರದಲ್ಲಿ ನೆಲಸಿದವರು ಇಂಥ ಇಕ್ಕಳ, ಸೀಸ ಎರೆಯುವ ಅಚ್ಚು, ಒಂದು ಡಬ್ಬಿ ಮದ್ದು ಇವುಗಳಿಂದ ತಮ್ಮ ತೋಟಾಗಳನ್ನು ತಾವೇ ಸಿದ್ಧಪಡಿಸಿಕೊಳ್ಳಬಹುದಾಗಿತ್ತು. (ಕೇಪಿನ ಕೋವಿಗೂ ತೋಟಾ ಕೋವಿಗೂ ಇರುವ ಭೇದವನ್ನು ನಮ್ಮ ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ.)

ಅದೇ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಎಂಬ ರಸಾಯನಜ್ಞನು ನೈಟ್ರೋಸೆಲ್ಯುಲೋಸಿನಿಂದ ಹೊಗೆಯಿಲ್ಲದ ಮದ್ದನ್ನು ರೂಪಿಸಿದನು. ಇದು ತೂಕಕ್ಕೆ ತೂಕ ಕಪ್ಪು ಮದ್ದಿಗಿಂತ ಎಷ್ಟೋ ಪ್ರಬಲವಾದುದು. 1898ರಲ್ಲಿ ಲಾಫ್ಲಿನ್ ಮತ್ತು ರ‍್ಯಾಂಡ್ ಕಂಪನಿಯವರು ಕೈಬಂದೂಕುಗಳಿಗೆಂದು ಹೊರತಂದ 'ಬುಲ್ಸ್ ಐ' ಮದ್ದು ಹಳೆಯ ಉದ್ದನೆಯ ಕೋಶದ ತಳದಲ್ಲಿ ಒಂದು ಚಿಟಿಕೆಯಷ್ಟು ಮಾತ್ರ ಕಾಣುತ್ತಿತ್ತು. ಅದರ ಮೇಲೆ ಇನ್ನೊಂದು ಈಡು ಬಿದ್ದರೂ, ಮೂರನೆಯದೇ ಬಿದ್ದರೂ, ಗುಂಡನ್ನು ಕೂರಿಸುವಾಗ ಕೈಗೆ ತಿಳಿಯುವಂತಿಲ್ಲ. ಹಳೆಯ ಮದ್ದಿನಲ್ಲಿದ್ದ ಸಹಜವಾದ ಎಚ್ಚರಿಕೆ ಹೀಗೆ ಕಣ್ಮರೆಯಾಯಿತು. ಗೊಂದಲವನ್ನು ಹೆಚ್ಚಿಸಿದ ಇನ್ನೊಂದು ಸಂಗತಿಯುಂಟು: ಷಾಟ್‌ಗನ್ನುಗಳಿಗಾಗಿ ಮಾರುತ್ತಿದ್ದ ಕೆಲವು ಹೊಸ ಮದ್ದುಗಳನ್ನು ಕಪ್ಪು ಮದ್ದಿನ ಗಾತ್ರದಲ್ಲಿಯೇ ಅಳೆಯಬಹುದಾಗಿತ್ತು, ಬೇರೆ ಕೆಲವನ್ನು ಹಾಗೆ ಅಳೆದರೆ ಕೋವಿಯೇ ಒಡೆಯುತ್ತಿತ್ತು. ಎರಡಕ್ಕೂ ಹೆಸರು ಮಾತ್ರ ಒಂದೇ, ಹೊಗೆಯಿಲ್ಲದ ಮದ್ದು.

ಬ್ರಿಟಿಷರು ಈ ತೊಡಕನ್ನು ಬೇರೆ ರೀತಿಯಲ್ಲಿ ಎದುರಿಸಿದರು. ವೆಬ್ಲಿ ರಿವಾಲ್ವರಿನ ತೋಟಾಕ್ಕೆ ಕಾರ್ಡೈಟ್ ಮದ್ದನ್ನು ಬಳಸತೊಡಗಿದಾಗ, ಚಿಕ್ಕ ಕೋಶದಲ್ಲಿ ಅದು ಸಮವಾಗಿ ಉರಿಯುವುದೆಂದು ಕಂಡು, 1897ರಲ್ಲಿ ಕೋಶವನ್ನೇ ಮೊಟಕುಗೊಳಿಸಿದರು. ಅಮೆರಿಕದ ತೋಟಾ ತನ್ನ ಹಳೆಯ ಉದ್ದವನ್ನು ಉಳಿಸಿಕೊಂಡಿತು. ಅದರಿಂದ ಗಿರಾಕಿಗಳಿಗೆ ಅನುಕೂಲವಾಯಿತೆಂಬುದು ನಿಜ; ಕ್ಷೇಮದ ದೃಷ್ಟಿಯಿಂದ ಬ್ರಿಟಿಷರ ಮಾರ್ಗವೇ ಲೇಸೆಂದು ಈ ಲೇಖಕನ ಅಭಿಪ್ರಾಯ. ಕೇಪಿನಲ್ಲಿದ್ದ ಪಾದರಸವೂ ಹಿತ್ತಾಳೆಗೆ ಶತ್ರುವಾಯಿತು. ಕಪ್ಪು ಮದ್ದಿನ ಮಸಿಯಲ್ಲಿ ಅದರ ಅಂಶ ಬಹಳಷ್ಟು ಚದುರಿಹೋಗುತ್ತಿತ್ತು. ಮಸಿಯಿಲ್ಲದ ಹೊಸ ಮದ್ದಿನಲ್ಲಿ ಅದು ಕೋಶಕ್ಕೇ ಅಂಟಿ, ಮರುತುಂಬಿದಾಗ ಲೋಹ ಬಿರುಕು ಬಿಡುವಂತಾಯಿತು.

ಇನ್ನು ರಿವಾಲ್ವರಿನ ಲೋಹದ ವಿಷಯ. ಮೊದಲ ವರ್ಷಗಳ ರಿವಾಲ್ವರುಗಳು ಕಪ್ಪು ಮದ್ದಿನ ಒತ್ತಡಕ್ಕೆ ತಕ್ಕ ಮೆದುವಾದ ಲೋಹದಿಂದ ಆದವು. ಹೊಗೆಯಿಲ್ಲದ ಮದ್ದಿಗೆ ತನ್ನ ರಿವಾಲ್ವರು ತಕ್ಕುದೆಂದು ಕೋಲ್ಟ್ ಕಾರ್ಖಾನೆ ಭರವಸೆ ಕೊಟ್ಟುದು 1900ರಲ್ಲಿ, ಕ್ರಮಸಂಖ್ಯೆ ಸುಮಾರು 1,92,000ರಿಂದ ಮುಂದಿನವುಗಳಿಗೆ. ಉರುಳೆಯ ಅಚ್ಚನ್ನು ಹಿಡಿದಿಡುವ ಅಡ್ಡಗುಂಡಿಯನ್ನು ಕಂಡೊಡನೆ ಅದು ಹೊಸ ಮದ್ದಿನ ರಿವಾಲ್ವರೆಂದು ನಿರ್ಣಯಿಸುವ ರೂಢಿಯೊಂದಿದೆ. ಇದು ಅಪಾಯಕರ, ಆ ಗುಂಡಿ 1890ರ ದಶಕದಲ್ಲಿಯೇ ಬಂದಿತ್ತು. ಇಂಗ್ಲೆಂಡಿನಲ್ಲಾದರೆ ಪರೀಕ್ಷಾಲಯದ ಮುದ್ರೆಯನ್ನು ನೋಡಬಹುದು. ಅಮೆರಿಕದಲ್ಲಿ ಅಂಥ ಸರ್ಕಾರಿ ಪರೀಕ್ಷೆಯ ಕಟ್ಟಳೆ ಇರಲಿಲ್ಲ. ಕೋಶದ ಬುಡದಲ್ಲಿ ಕೊರೆದ ಅಕ್ಷರಗಳು ತೋಟಾದ ಅಳತೆಯನ್ನು ಹೇಳುತ್ತವೆ, ಮದ್ದಿನ ಬಲವನ್ನು ಹೇಳುವುದಿಲ್ಲ. ಇಂದಿನ ಗಟ್ಟಿ ಉಕ್ಕಿನ ರಿವಾಲ್ವರುಗಳಿಗೆಂದೇ ಬಲವಾಗಿ ತುಂಬಿದ ತೋಟಾವೂ 1873ರ ಉರುಳೆಯೊಳಗೆ ಸಲೀಸಾಗಿ ಕೂರುತ್ತದೆ.

ಆದಕಾರಣ 1900ಕ್ಕೆ ಹಿಂದಿನ ರಿವಾಲ್ವರಿಗೆ ಕಪ್ಪು ಮದ್ದನ್ನಲ್ಲದೆ ಬೇರೇನನ್ನೂ ಹಾಕಬಾರದೆಂದೂ, ಅದನ್ನೂ ನುರಿತ ಕಮ್ಮಾರನ ಪರೀಕ್ಷೆಯ ನಂತರವೇ ಹಾಕಬೇಕೆಂದೂ ತಿಳಿದವರು ವಿಧಿಸುತ್ತಾರೆ. ಕ್ರಮಸಂಖ್ಯೆಯನ್ನು ನೋಡಿದರೆ ಸಾಲದೆ ಎಂದು ಕೇಳಬಹುದು. ಸಾಲದು. 1895ರಿಂದ ಕೆಲವು ವರ್ಷಗಳ ಕಾಲ ಸೈನ್ಯವು ತನ್ನ ಹಳೆಯ ರಿವಾಲ್ವರುಗಳನ್ನು ಕಳಚಿ, ನಳಿಗೆಗಳನ್ನು ಐದೂವರೆ ಅಂಗುಲಕ್ಕೆ ಕತ್ತರಿಸಿ, ಭಾಗಗಳನ್ನು ಒಂದಕ್ಕೊಂದು ಬೆರಸಿ ಮತ್ತೆ ಜೋಡಿಸಿತು. ಹೀಗೆ ಜೋಡಿಸಿದ ರಿವಾಲ್ವರಿನಲ್ಲಿ ಚೌಕಟ್ಟಿನ ಸಂಖ್ಯೆ ಒಂದು, ಉರುಳೆಯ ಸಂಖ್ಯೆ ಇನ್ನೊಂದು. ಮದ್ದಿನ ಒತ್ತಡವನ್ನು ತಡೆಯಬೇಕಾದುದು ಉರುಳೆ.